ನೀವು ಬರಬೇಕಿದ್ದ ದಾರಿ

ಪಡುವಣ ಕಡಲ ದಂಡೆ
ಅಕ್ಟೋಬರ್ ೧೪

ರೀ,

ಹೀಗೆ ಕರೆದೇ ಅಭ್ಯಾಸ. ಕಾಗದದಲ್ಲಿ ಇನ್ನೇನೆಂದು ಶುರು ಮಾಡಲಿ ಎಂದು ಪೆನ್ನು ಕಚ್ಚಿಕೊಂಡು ಕೂತೆ, ಬೇರೇನೂ ಹೊಳೆಯಲಿಲ್ಲ. ನಾನು ಚೆನ್ನಾಗಿದ್ದೇನೆ. ನೀವೂ ಹೊತ್ತು ಹೊತ್ತಿಗೆ ಊಟ ಮಾಡಿಕೊಂಡು, ಕೈಕಾಲಿನ ವ್ಯಾಯಾಮಕ್ಕೆ ಹಟ ಮಾಡದೆ ಗೆಲುವಾಗಿದ್ದೀರಿ ಎಂದು ನಂಬಿದ್ದೇನೆ. ಇದನ್ನು ಓದಿ ಹೇಳುತ್ತಿರುವ ನಿಮ್ಮ ತಂಗಿಗೂ ನನ್ನ ನೆನಪುಗಳು. (ನಾದಿನಿಯವರೇ, ಬರೆದಷ್ಟನ್ನೇ ಓದಿ. ನಡುವೆ ನಿಮ್ಮ ಟೀಕೆ ಬೇಡ.)

ವಾರಕ್ಕೊಂದು ಕಾಗದ ಹಾಕುತ್ತೇನೆಂದು ಹೇಳಿ ಹೊರಟವಳು ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲ. ಕೋಪ ಮಾಡಿಕೊಳ್ಳಬೇಡಿ. ಫೋನು ಮಾಡಿದಾಗಲೆಲ್ಲ ಆ ಕಡೆಯಿಂದ ನಿಮ್ಮ ಉಸಿರು ಮಾತ್ರ ಕೇಳುತ್ತಿತ್ತು. ನಾನೊಬ್ಬಳೇ ಒದರಿ ಒದರಿ, ಕೊನೆಗೆ "ಸರಿ, ಇಡ್ಲಾ?" ಎಂದು ನಾನೇ ಇಟ್ಟುಬಿಡುತ್ತಿದ್ದೆ. ಬರೆಯೋಣವೆಂದರೆ ಬಲಗೈ ಮಣಿಕಟ್ಟು ಊದಿ ಬನ್ನಿನಂತಾಗಿತ್ತು. ಹೌದು, ಬಿದ್ದೆ. ನಿಮಗೆ ಹೇಳಬೇಡಿ ಎಂದು ಎಲ್ಲರ ಬಾಯಿ ಕಟ್ಟಿದ್ದೆ. ಘಾಟಿ ಇಳಿಯುವ ತಿರುವಿನಲ್ಲಿ ಹೊಸದಾಗಿ ಜಲ್ಲಿ ಸುರಿದಿದ್ದರು. ಬ್ರೇಕು ಹಿಡಿಯಬೇಡ, ಗೇರಿನಲ್ಲೇ ಇಳಿಸು ಎಂದು ಎಷ್ಟು ಸಲ ಕಲಿತಿದ್ದರೂ ಹೆದರಿದ ಕೈ ಕೇಳಬೇಕಲ್ಲ. ಬೈಕಿಗೆ ಏನೂ ಆಗಿಲ್ಲ. ನೀವು ಮೊದಲು ಕೇಳುವುದೇ ಅದು ಎಂದು ನನಗೆ ಗೊತ್ತಿಲ್ಲವೇ! ಎಡಗಡೆಯ ಕನ್ನಡಿ ಹೋಯಿತು, ಅಷ್ಟೆ.

ನಿಮ್ಮ ಬೈಕ್ ಗುಂಪಿನ ಡಾಕ್ಟ್ರಮ್ಮ ರಸ್ತೆ ಬದಿಯಲ್ಲೇ ಪಟ್ಟಿ ಸುತ್ತಿದರು. "ದಿನಾ ದನದ ಕಾಲಿಗೆ ಕಟ್ಟೋದು, ನಿಮ್ಮ ಕೈ ಏನು ಮಹಾ. ಅವಾದ್ರೆ ಒದೀತವೆ, ನೀವು ಒದೀಬೇಡಿ ಅಷ್ಟೆ," ಎಂದರು. ನೋವಿನಲ್ಲೂ ನಗು ಬಂತು. ಅಲ್ಲಿಂದ ಬಸ್ಸು ಹತ್ತಿ ಮನೆಗೆ ಹೋಗಿಬಿಡಿ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಹೋಗಿಬಿಡುತ್ತಿದ್ದೆನೋ ಏನೋ. ಒಂದು ಹಳ್ಳಿಯಲ್ಲಿ ನನಗಾಗಿ ಎಲ್ಲರೂ ಬೀಡು ಬಿಟ್ಟರು. ಊತ ಇಳಿದ ಮೇಲೆ ಮತ್ತೆ ಹೊರಟೆವು.

ನೀವು ಬೈಕಿನ ಕೀಯನ್ನು ಎಡಗೈಯಲ್ಲಿ ನನ್ನ ಮುಂದೆ ತಳ್ಳಿದ ದಿನ ನೆನಪಿದೆಯೇ? ನಿಮಗೆ ಬಲಗಡೆ ಸ್ವಾಧೀನ ತಪ್ಪಿ, ಮಾತು ನಿಂತು ಆರು ತಿಂಗಳಾಗಿತ್ತು. ಖಂಡದ ಈ ಕಡಲಿನಿಂದ ಆ ಕಡಲಿನವರೆಗೆ ನೀವೇ ಗೆರೆ ಎಳೆದಿಟ್ಟಿದ್ದ ಸವಾರಿಯನ್ನು ಕೈಬಿಡುತ್ತೇವೆಂದು ಹೇಳಲು ಗುಂಪಿನ ಪರವಾಗಿ ಟೈರಣ್ಣ ಬಂದಿದ್ದ. ಕೀಯನ್ನು ಅವನಿಗೆ ಕೊಡಬೇಕೆಂದಿದ್ದೀರಿ ಅಂದುಕೊಂಡೆ. ತಲೆ ಅಲ್ಲಾಡಿಸಿದಿರಿ. ಮಾರಿಬಿಡಬೇಕೇ ಎಂದೆ. ಮತ್ತೆ ತಲೆ ಅಲ್ಲಾಡಿಸಿ, ಬೆರಳನ್ನು ನನ್ನ ಎದೆಗೇ ಮುಟ್ಟಿಸಿದಿರಿ. "ನಿಮಗೆ ತಲೆ ಕೆಟ್ಟಿದ್ಯಾ? ನಾನು ನಿಮ್ಮ ಹಿಂದೆ ಕೂಡ ಕೂತವಳಲ್ಲ!" ಎಂದು ರೇಗಿದೆ. ಟೈರಣ್ಣ ತನ್ನ ಟೈರಿನ ಅಂಗಡಿಯನ್ನು ತಮ್ಮನಿಗೆ ವಹಿಸಿ, ಸಂತೆ ಮೈದಾನದಲ್ಲಿ ನನಗೆ ಕಲಿಸಲು ನಿಂತ. ನೀವು ಕುರ್ಚಿ ಹಾಕಿಸಿಕೊಂಡು ಕೂತು, ನಾನು ಗೇರು ತಪ್ಪಿದಾಗಲೆಲ್ಲ ಎಡಗೈಯಿಂದ ಕುರ್ಚಿಯ ತೋಳಿಗೆ ಬಡಿಯುತ್ತಿದ್ದಿರಿ. ಗಾಡಿಗಳ ಸೀಟು ಹೊಲಿದು ಜೀವನ ಮಾಡಿದವಳು ನಾನು. ಸೀಟಿನ ಮೇಲೆ ಕೂರುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ.

ಸಿಹಿಸುದ್ದಿ ಮೊದಲು ಹೇಳಬೇಕಿತ್ತು. ಮೊನ್ನೆ ಮಧ್ಯಾಹ್ನ ನಾವು ಕಡಲು ಮುಟ್ಟಿದೆವು, ಐದು ಜನವೂ. ಬೈಕುಗಳು ಹಡಗು ಹತ್ತಬೇಕು, ಅವುಗಳ ಕಾಗದಪತ್ರ ಮುಗಿಯುವವರೆಗೆ ಬಂದರಿನ ಹಿಂದಿನ ಬೀದಿಯ ಒಂದು ಲಾಡ್ಜಿನಲ್ಲಿದ್ದೇವೆ. ಕಿಟಕಿಯ ಕೆಳಗೆ ಹಗ್ಗದ ಅಂಗಡಿ, ಎದುರಿಗೆ ಬಟ್ಟೆ ಒಗೆಯುವವರ ಕಟ್ಟೆ. ಕೋಣೆಯ ನಲ್ಲಿ ತಿರುಗಿಸಿದರೆ ಮೊದಲು ಕೆಮ್ಮುತ್ತದೆ, ಆಮೇಲೆ ನೀರು ಬಿಡುತ್ತದೆ. ಈ ಕಾಗದ ನನಗಿಂತ ಮೊದಲು ನಿಮ್ಮ ಕೈ ಸೇರುತ್ತದೆ.

ದಾರಿಯುದ್ದಕ್ಕೂ ನಾನು ಕಂಡದ್ದನ್ನೆಲ್ಲ ಬರೆದರೆ ನಾದಿನಿಯ ಬಾಯಿ ಒಣಗೀತು. ಉಪ್ಪಿನ ಬಯಲು ಕಂಡೆ, ಕಣ್ಣು ಬಿಡಲಾಗದಷ್ಟು ಬಿಳುಪು. ಹುಲ್ಲುಗಾವಲಿನಲ್ಲಿ ಗಾಳಿಗೆ ಬೈಕನ್ನು ವಾಲಿಸಿಕೊಂಡೇ ನೇರ ರಸ್ತೆಯಲ್ಲಿ ಓಡಿಸಿದೆ. ಒಂದು ಗಡಿಯಲ್ಲಿ ಅಧಿಕಾರಿ ನಿಮ್ಮ ಹೆಸರಿನ ಕಾಗದ ನೋಡಿ, ನನ್ನನ್ನು ನೋಡಿ, "ಈ ಬೈಕಿನ ಯಜಮಾನರು ಎಲ್ಲಿ?" ಎಂದು ಕೇಳಿದ. "ಮನೇಲಿ ಇದ್ದಾರೆ, ನಾನು ಅವರ ಬದಲಿಗೆ ಬಂದಿದೀನಿ," ಎಂದೆ. ಹೇಳಿದ ಮೇಲೆ ಬಹಳ ದೂರ ಆ ಮಾತೇ ತಲೆಯಲ್ಲಿ ಕೂತಿತ್ತು.

ಏಕೆಂದರೆ ಈ ದಾರಿಯಲ್ಲಿ ನಾನು ಹೊಸದಾಗಿ ಕಂಡದ್ದು ಬೆಟ್ಟ ಬಯಲುಗಳಿಗಿಂತ ಹೆಚ್ಚಾಗಿ ನಿಮ್ಮನ್ನು. ಚಹಾಕ್ಕೆ ನಿಲ್ಲಿಸಿದಲ್ಲೆಲ್ಲ ನಿಮ್ಮದೇ ಕಥೆ. ಗಡಿಯಾರ ರಿಪೇರಿಯವನಿಗೆ ಮುಳ್ಳು ಎಂದು ಹೆಸರಿಟ್ಟವರು ನೀವಂತೆ. ಊರಿನ ಗಡಿಯಾರಗಳನ್ನೆಲ್ಲ ಸರಿಮಾಡುವವನು ಒಂದು ದಿನವೂ ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲವೆಂದು. ಅವನ ಹೆಂಡತಿಗೆ ಹಾಡು ಕಲಿಸಿದವರೂ ನೀವಂತೆ. ನೀವು ಹಾಡುತ್ತೀರಾ? ಅಡುಗೆಗೆ ನಿಂತು ಎಲ್ಲರಿಗೂ ಬಡಿಸಿ, ತಳ ಹಿಡಿದದ್ದನ್ನು ನೀವು ತಿನ್ನುತ್ತಿದ್ದಿರಂತೆ. ಇವರೆಲ್ಲ ಹೇಳುತ್ತಿದ್ದರೆ ನಾನು ಯಾರೋ ಪರಿಚಯವಿಲ್ಲದವರ ಕಥೆ ಕೇಳುವಂತೆ ಕೇಳುತ್ತಿದ್ದೆ. ನಮ್ಮ ಮನೆಯಲ್ಲಿ ನೀವು ಪೇಪರು ಓದುತ್ತಿದ್ದಿರಿ, ನಾನು ಮಿಷನ್ನು ತುಳಿಯುತ್ತಿದ್ದೆ. ಜಗಳವಿರಲಿಲ್ಲ, ಅದು ನಿಜ. "ಒಂದ್ಸಲ ಬಾರೇ" ಎಂದು ವರ್ಷ ವರ್ಷವೂ ಕರೆದಿರಿ. "ನಿಮ್ಮ ಹುಚ್ಚು ನಿಮಗೇ ಇರಲಿ" ಎಂದು ವರ್ಷ ವರ್ಷವೂ ಹೇಳಿದೆ. ಒಂದೇ ಒಂದು ಸಲ ಬಂದಿದ್ದರೆ! ಸೀಟು ಹೊಲಿಯುವುದು ಯಾವ ದೊಡ್ಡ ಕೆಲಸ, ನಿಲ್ಲಿಸಿ ಬರಬಹುದಿತ್ತು. ಈಗ ನಿಮ್ಮ ಹಾಡನ್ನು ಮುಳ್ಳಿನ ಹೆಂಡತಿಯ ಗಂಟಲಿನಲ್ಲಿ ಕೇಳಿ ಬಂದಿದ್ದೇನೆ. ಅವಳು ಪಾಪ ಶ್ರುತಿ ತಪ್ಪಿಯೇ ಹಾಡುತ್ತಾಳೆ. ನೀವೂ ಹಾಗೇ ಹಾಡುತ್ತಿದ್ದಿರಂತೆ.

ಹುಲ್ಲುಗಾವಲು ಮುಗಿಯುವಲ್ಲಿ ಧೂಳಿನ ಬಿರುಗಾಳಿ ಎದ್ದಿತು. ಹಾಳುಬಿದ್ದ ಒಂದು ಗ್ಯಾರೇಜಿನೊಳಗೆ ಬೈಕು ನುಗ್ಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಸಂಜೆಯವರೆಗೆ ಕೂತೆವು. ಆಗ ಟೈರಣ್ಣ ನನ್ನ ಪಕ್ಕದಲ್ಲಿ ಕೂತು ಒಂದು ವಿಷಯ ಹೇಳಿದ. ನನಗೆ ಗೊತ್ತಿದೆಯೆಂದೇ ಅಂದುಕೊಂಡು ಹೇಳಿದ. ಅದನ್ನು ಕೊನೆಯಲ್ಲಿ ಬರೆದಿದ್ದೇನೆ.

ಕಡಲು ಕಂಡಾಗ ಏನಾಯಿತು ಗೊತ್ತೇ? ಯಾರೂ ಕೂಗಲಿಲ್ಲ, ಕುಣಿಯಲಿಲ್ಲ. ಬೈಕು ನಿಲ್ಲಿಸಿ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತೆವು. "ಅಣ್ಣ ಇದ್ದಿದ್ರೆ ಈಗ ಏನಾದ್ರೂ ತಮಾಷೆ ಮಾಡಿರೋನು," ಎಂದ ಮುಳ್ಳು. ಎಲ್ಲರೂ ನನ್ನ ಮುಖ ನೋಡಿದರು. ನಿಮ್ಮ ಬದಲಿಗೆ ಹೋದವಳಲ್ಲವೇ. ತೊದಲಿಕೊಂಡು, "ಇನ್ಮುಂದೆ ನೀರು. ಪಂಕ್ಚರ್ ಆದ್ರೆ ಟೈರಣ್ಣ ಈಜ್ಕೊಂಡ್ ಬರ್ಬೇಕು," ಎಂದೆ. ಅಷ್ಟು ಸಪ್ಪೆ ಮಾತಿಗೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಡಾಕ್ಟ್ರಮ್ಮ ಕಣ್ಣೊರೆಸಿಕೊಂಡರು. ಟೈರಣ್ಣ ಹೆಲ್ಮೆಟ್ಟು ಹಾಕಿಕೊಂಡು ಆ ಕಡೆ ತಿರುಗಿಬಿಟ್ಟ.

ನೀವು ನಿಂತು ನೋಡಬೇಕಿದ್ದ ನೀರು ಅದು. ನಾನು ನೋಡಿದೆ. ಚೆನ್ನಾಗಿತ್ತು ಎಂದು ಬರೆಯಲು ಕೈ ಬರುತ್ತಿಲ್ಲ.

ನಾದಿನಿಯ ಮಕ್ಕಳಿಗೆ ನನ್ನ ಆಶೀರ್ವಾದ. ಚೆನ್ನಾಗಿ ಓದಲಿ, ಓದದಿದ್ದರೂ ಒಳ್ಳೆಯವರಾಗಲಿ. ನಿಮ್ಮ ಕೈಗೆ ಬಲ ಬರಲಿ, ನಾಲಗೆಗೆ ಮಾತು ಬರಲಿ, ನಾನು ಬಂದು ಬಾಗಿಲು ತಟ್ಟುವಾಗ ನೀವೇ ಎದ್ದು ತೆಗೆಯುವಂತಾಗಲಿ. ಬೇಗ ಬರುತ್ತೇನೆ.

ನಿಮ್ಮ
ಇವಳು

ತಾ. ಕ.: ನಾದಿನಿಯವರೇ, ಇಲ್ಲಿಂದ ಮುಂದೆ ಓದಬೇಡಿ. ಹಾಳೆಯನ್ನು ಅವರ ಎಡಗೈಗೆ ಕೊಟ್ಟು, ಸ್ವಲ್ಪ ಹೊತ್ತು ಹೊರಗೆ ಕೂತಿರಿ.

ರೀ, ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ನಿಧಾನವಾಗಿ ಓದಿದರೆ ನಿಮಗೆ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ಟೈರಣ್ಣ ಅಂದು ಹೇಳಿದ್ದು ನಮ್ಮ ಚಿನ್ನುವಿನ ಮಾತು. "ಅತ್ತಿಗೆ, ಲೈಟ್ ಆರಿಸಿದ್ರೆ ಬೈಕಿಗೆ ನಿದ್ದೆ ಬರುತ್ತಾ ಅಂತ ಕೇಳ್ತಿದ್ನಂತಲ್ಲ ನಿಮ್ಮ ಮಗ ಚಿನ್ನು? ತನ್ನ ಹೊದಿಕೆ ತಂದು ಬೈಕಿಗೆ ಹೊದಿಸ್ತಿದ್ನಂತೆ?" ಎಂದ. ಇಪ್ಪತ್ತು ವರ್ಷಗಳಿಂದ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿರಲಿಲ್ಲ. ಅವನ ಹೊದಿಕೆಗೆ ಗ್ರೀಸು ಹೇಗೆ ಮೆತ್ತಿಕೊಳ್ಳುತ್ತಿತ್ತು ಎಂದು ಆವತ್ತು ತಿಳಿಯಿತು. ಡಾಕ್ಟ್ರಮ್ಮನಿಗೆ, ಮುಳ್ಳಿಗೆ, ಅವನ ಹೆಂಡತಿಗೆ, ಎಲ್ಲರಿಗೂ ಚಿನ್ನು ಗೊತ್ತು. ನಾನೇನಾದರೂ ಬಾಯಿ ತೆರೆದರೆ ನೀವು ಕುಸಿದುಹೋಗುತ್ತೀರೆಂದು ನಾನು ಸುಮ್ಮನಿದ್ದೆ. ನನಗೂ ಹಾಗೇ ಆದೀತೆಂದು ನೀವು ಸುಮ್ಮನಿದ್ದಿರಿ. ಅವನ ಬಗ್ಗೆ ಮಾತಾಡಲು ನೀವು ಅಷ್ಟಷ್ಟು ದೂರ ಹೋಗಬೇಕಾಯಿತು. ಅವನನ್ನು ಮರೆಯಲು ಹೋಗುತ್ತೀರೆಂದು ನಾನು ತಿಳಿದಿದ್ದೆ.

ಆಮೇಲೆ ಟೈರಣ್ಣ ಇನ್ನೊಂದು ಹೇಳಿದ. "ಅಣ್ಣನಿಗೆ ಒಂದೇ ಕೊರಗು. ಕೊನೆ ಹೊತ್ತಲ್ಲಿ ಮಗು ನನ್ನ ಕೇಳ್ತೋ ಏನೋ, ಅವಳನ್ನ ಕೇಳೋ ಧೈರ್ಯ ನನಗಿಲ್ಲ ಅಂತಿದ್ದ."

ಕೇಳಬಾರದಿತ್ತೇ? ಮಾತಿದ್ದ ಕಾಲದಲ್ಲಿ ಒಂದು ಸಲ ಕೇಳಬಾರದಿತ್ತೇ? ನೀವು ಕೇಳದಿದ್ದರೂ ನಾನಾದರೂ ಹೇಳಬಾರದಿತ್ತೇ? ಈಗ ಹೇಳುತ್ತೇನೆ.

ಆಸ್ಪತ್ರೆಯಲ್ಲಿಲ್ಲದ ಔಷಧಿ ತರಲು ನೀವು ಬೈಕಿನಲ್ಲಿ ಪಕ್ಕದ ಊರಿಗೆ ಹೋಗಿದ್ದಿರಿ. ಬರುವಾಗ ಸೇತುವೆಯ ಮೇಲೆ ಲಾರಿ ಅಡ್ಡ ಬಿದ್ದು ದಾರಿ ಕಟ್ಟಿತ್ತು, ನಿಮ್ಮದೇನೂ ತಪ್ಪಿರಲಿಲ್ಲ. ಚಿನ್ನು ಎರಡು ಸಲ ಕೇಳಿದ, "ಅಪ್ಪ ಎಲ್ಲಿ?" ಬರ್ತಾರೆ ಕಂದ ಎಂದೆ. ಅಷ್ಟರಲ್ಲಿ ಕಿಟಕಿಯ ಹೊರಗೆ ಒಂದು ಬೈಕು ಬಂದು ನಿಂತಿತು. ನಿಮ್ಮದರ ಹಾಗೇ ಸದ್ದು. ಅವನು ಕಣ್ಣು ಬಿಟ್ಟ. "ಅಪ್ಪ ಬಂದ್ರು," ಎಂದ. ನಾನು ಎದ್ದು ಕಿಟಕಿಯಲ್ಲಿ ನೋಡಿದೆ. ಯಾರೋ ಬೇರೆಯವರು. ತಿರುಗಿ ಬಂದು, "ಹೂಂ, ಬಂದ್ರು. ಬೈಕ್ ನಿಲ್ಲಿಸ್ತಿದಾರೆ," ಎಂದೆ. ಅವನು ನಕ್ಕು ನನ್ನ ಬೆರಳು ಹಿಡಿದುಕೊಂಡು ಕಣ್ಣು ಮುಚ್ಚಿದ. ಮತ್ತೆ ಕಣ್ಣು ಬಿಡಲಿಲ್ಲ.

ಆ ಸದ್ದನ್ನು ಆಮೇಲೆ, ನೀವು ಕೀ ಕೊಡುವವರೆಗೂ, ನನಗೆ ಸಹಿಸಲಾಗಲಿಲ್ಲ. ನಿಮ್ಮ ಹಿಂದೆ ಕೂರದೇ ಇದ್ದುದಕ್ಕೆ ಬೇರೆ ಕಾರಣವಿಲ್ಲ.

ಇವರನ್ನೆಲ್ಲ ಮನೆಗೆ ಬರಲು ಹೇಳಿದ್ದೇನೆ. ನೀವು ಹೇಳಿದ್ದ ಚಿನ್ನುವಿನ ಕಥೆಗಳನ್ನು ನಿಮ್ಮ ಮುಂದೆಯೇ ನನಗೆ ಹೇಳುತ್ತಾರೆ. ತಪ್ಪು ಹೇಳಿದರೆ ನೀವು ತಲೆ ಅಲ್ಲಾಡಿಸಬೇಕು. ಆದರೆ ಮೇಲಿನದು ಅವರಿಗೂ ತಿಳಿಯದು, ಅದು ನಿಮ್ಮದು. ಅವನು ನಿಮ್ಮನ್ನು ಕಾಯುತ್ತ ಹೋಗಲಿಲ್ಲ, ರೀ. ನೀವು ಬಂದಿರಿ ಎಂದುಕೊಂಡೇ ಹೋದ.