ಒಂದು ದೀರ್ಘ ಸ್ವರ

ಜೂನ್ ೯

...ತೆಗೆಸಿಬಿಟ್ಟು ಬನ್ನಿ, ಲೋನ್ ಆಮೇಲೆ ನೋಡೋಣ. ಮನೆ ನೋಡಿ ಹೋದ ಬ್ಯಾಂಕ್ ಇಂಜಿನಿಯರ್ ವಿಘ್ನೇಶ್ವರನ್ ಫೋನಿನಲ್ಲಿ ಹೇಳಿದ್ದು. ತಮಿಳಿನಲ್ಲಿ. ಏನನ್ನು ತೆಗೆಸಬೇಕು? ಪುಂಜೈ ಎಂದರು, ಅಥವಾ ಹಾಗೆ ಕೇಳಿಸಿತು. ಪುಂಜೈ, ಮಳೆ ನಂಬಿದ ಒಣ ಹೊಲ. ಅಂದರೆ ಪೆರಿಯಕುಳದಲ್ಲಿ ನಾವು ಕೊಳ್ಳಹೊರಟ ಆ ಮನೆ ದಾಖಲೆಯಲ್ಲಿ ಇನ್ನೂ ಹೊಲ. ತಾಲ್ಲೂಕು ಆಫೀಸಿಗೆ ಅಲೆಯಬೇಕು. ಅಲೆಯುವುದು ನನಗೆ ಬರುತ್ತದೆ.

ನನ್ನ ಹೆಂಡತಿ ಅಮುದಾ ವೇದಸಂದೂರಿನ ನೂಲಿನ ಮಿಲ್ಲು ಬಿಟ್ಟರೂ ಹತ್ತಿ ಅವಳ ಎದೆ ಬಿಟ್ಟಿಲ್ಲ. ಗಾಳಿ ಬದಲಾಗಲಿ ಎಂದರು ಡಾಕ್ಟರು. ಅದಕ್ಕೇ ಈ ಮನೆ. ಹಿತ್ತಿಲಾಚೆ ಮಾವಿನ ತೋಪು.

ಜೂನ್ ೧೨

ಒಳ್ಳೆಯ ದಿನ ತಪ್ಪಬಾರದೆಂದು ರಿಜಿಸ್ಟ್ರೇಷನ್‌ಗೆ ಮೊದಲೇ ಹಾಲು ಕಾಯಿಸಿದೆವು. ಮಾರುವ ಲಕ್ಷ್ಮಿಯಮ್ಮಾಳ್ ಕನ್ನಡ ಮನೆಮಾತಿನ ನಮ್ಮ ಜನವೇ, ಬೀಗದ ಕೈ ಕೊಟ್ಟರು.

"ಗೋಡೆ ಬೆವರ್ತದಲ್ಲಾ ಅಕ್ಕಾ?" ಅಮುದಾ ಕೇಳಿದಳು.

"ಹೊಸ ಪೈಂಟು, ತಂಗಚ್ಚಿ. ಮದುವೆ ಹೆಣ್ಣು ಬೆವರಲ್ವಾ? ಬೀರೋ ಮಾತ್ರ ಆಚೆ ಈಚೆ ಮಾಡ್ಬೇಡ. ಅದು ಕುಬೇರ ಮೂಲೆ."

ನಕ್ಕೆವು. ಹಾಲುಕ್ಕಿದ ಮನೆ ಖಾಲಿ ಬಿಡಬಾರದಂತೆ. ಅಮುದಾ ಅಲ್ಲೇ ಉಳಿದಳು, ನಾನು ವೇದಸಂದೂರಿಗೆ ಮರಳಿದೆ.

"ನೀನು ಕಾಗ್ದ ತಕ್ಕೊಂಡು ಬಾ ಮಾಮಾ. ಅಲ್ಲೀಗಂಟ ನಾನು ಗಾಳಿ ಕುಡೀತಾ ಇರ್ತೀನಿ."

ಜೂನ್ ೧೯

ಆಫೀಸು. ಬೆಂಚು. ಅಮುದಾಗೆ ಫೋನ್ ಮಾಡಿದೆ — ಕೆಮ್ಮುತ್ತಿದ್ದಳು. ಹೊಸ ಜಾಗ, ಒಗ್ಗಬೇಕಲ್ಲ, ಎಂದಳು. ಒಪ್ಪಿದೆ.

ಜೂನ್ ೨೭

ಕಾಗದ ಸಿಕ್ಕಿತು. ಪುಂಜೈ ಅಲ್ಲ, ಎಂದೂ ಆಗಿರಲಿಲ್ಲವಂತೆ. ಬ್ಯಾಂಕಿಗೆ ಒಯ್ದೆ. ವಿಘ್ನೇಶ್ವರನ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಿಲಂ ಇಲ್ಲೆ ಸಾರ್. ಸುವರು."

ನೆಲವಲ್ಲ, ಗೋಡೆ.

"ನಾನ್ ಸೊನ್ನದು ಪೂಂಜೈ."

ಅವರು ಹೇಳಿದ್ದು ಪೂಂಜೈ, ಪೂ ದೀರ್ಘ. ಪುಸ್ತಕದ ತಮಿಳು. ನಮ್ಮ ಮನೆಮಾತಿನಲ್ಲಿ ಬೂಷ್ಟು.

ಫೋನಿನಲ್ಲಿ ಫೋಟೋ ತೋರಿಸಿದರು. ಬೀರೋ ಸರಿಸಿ ತೆಗೆದದ್ದು. ಹಿಂದಿನ ಗೋಡೆಗೆ ಪೈಂಟಿಲ್ಲ. ಸೊಂಟದೆತ್ತರಕ್ಕೆ ಕಪ್ಪು, ರೋಮ ಬಂದ ಹಾಗೆ. ಒಳಗೆ ಪೈಪು ಒಡೆದಿದೆಯಂತೆ.

"ಇದು ಹೋಗದೆ ಲೋನ್ ಇಲ್ಲ. ಅಲ್ಲಿ ಯಾರೂ ವಾಸ ಇಲ್ಲ ಅಲ್ವಾ ಸಾರ್?"

ಪೆರಿಯಕುಳದ ಬಸ್ಸಿಗೆ ಓಡಿದೆ.

ಜೂನ್ ೨೮, ಮಧ್ಯಾಹ್ನ

ತೇನಿ. ಆಸ್ಪತ್ರೆ. ರಾತ್ರಿಯೇ ತಂದು ಸೇರಿಸಿದೆ. ಅಮುದಾ ಗಾಜಿನಾಚೆ, ಮೂಗು ಬಾಯಿಗೆ ಮಾಸ್ಕ್. ಲಕ್ಷ್ಮಿಯಮ್ಮಾಳ್ ಫೋನ್ ತೆಗೆಯುತ್ತಿಲ್ಲ.

ಅವಳ ಬಟ್ಟೆ ತರಲು ಬೆಳಿಗ್ಗೆ ಆ ಮನೆಗೆ ಹೋಗಿದ್ದೆ. ಬೀರೋ ಪಕ್ಕದಲ್ಲೇ ಚಾಪೆ, ಗೋಡೆಗೆ ಒತ್ತಿ ದಿಂಬು. ಎತ್ತಿದೆ. ಅಡಿಯ ಮಗ್ಗುಲು ಕಪ್ಪು. ಮೇಲಿನದು ಬಿಳಿ.

ಕಂಡಿದ್ದಾಳೆ.

ಅಮುದಾ, ಮನೆ ಕೈತಪ್ಪೀತೆಂದು ದಿಂಬು ಮಗುಚಿ ಹಾಕಿಕೊಂಡು ಮಲಗಿದೆಯಾ —