ಅವತ್ತಿನ ನಿನ್ನ ಕೆಲಸ

ಪುಟ್ಟಾ,

ನಿನ್ನ ಹೆಂಡತಿನ ಕರ್ಕೊಂಡು ವಕೀಲರ ಹತ್ರ ಹೋಗ್ತಿದ್ದೀನಿ. ಗಾಬರಿ ಆಗಬೇಡ, ಗುಂಡುಕಲ್ಲಿನ ಹಾಗೆ ಇದ್ದೀನಿ. ಹಾಲು ಕಾಯಿಸಿಡು. ಈ ಸಲವೂ ಉಕ್ಕಿಸಿದ್ರೆ ಒಲೆ ನೀನೇ ಒರೆಸು.

ಮುಂದೆ ಯಾವತ್ತಾದ್ರೂ ನನಗೆ ಪ್ರಜ್ಞೆ ತಪ್ಪಿ, ಇನ್ನು ಚೇತರಿಸ್ಕೊಳ್ಳಲ್ಲ ಅಂತ ಡಾಕ್ಟರೇ ಹೇಳಿದ್ಮೇಲೆ, ಬರೀ ಮೆಷಿನ್ ಹಾಕಿ ಉಸಿರಾಡಿಸಬಾರದು ಅಂತ ಬರೆದುಕೊಡ್ತಿದ್ದೀನಿ. ಅವತ್ತು ನನ್ನ ಪರವಾಗಿ ಮಾತಾಡೋಳು ನಿನ್ನ ಹೆಂಡತಿ.

ಮುಖ ಊದಿಸ್ಕೋಬೇಡ. ರೇಡಿಯೊ ರಿಪೇರಿಯವನು ನೀನು. ಪ್ರಾಣ ಹೋದ ಹದಿನಾಲ್ಕು ರೇಡಿಯೊ ಅಟ್ಟದಲ್ಲಿ ಇಟ್ಕೊಂಡು "ಇನ್ನೊಂದು ಸಲ ನೋಡ್ತೀನಮ್ಮ" ಅಂತೀಯ. ಅವನ್ನೇ ಬಿಡಲಾರದವನು ನನ್ನ ಬಿಡ್ತೀಯಾ? ಅವಳೂ ಅಳ್ತಾಳೆ, ಆದ್ರೆ ಅಳ್ತಾ ಅಳ್ತಾನೇ ಮೆಷಿನ್ ಬೇಡ ಅಂತ ಡಾಕ್ಟರಿಗೆ ಹೇಳ್ತಾಳೆ.

ನಿನಗೂ ಒಂದು ಕೆಲಸ ಇಟ್ಟಿದ್ದೀನಿ. ಅವತ್ತು ನನ್ನ ಕೈ ಹಿಡ್ಕೊಂಡು ಕೂತಿರು. ಅದನ್ನ ಕಾಗದದಲ್ಲಿ ಬರೆಸ್ತಿಲ್ಲ, ಬರೆಸದಿದ್ರೂ ನೀನು ಮಾಡ್ತೀಯ.

ವಾಪಸ್ ಬರ್ತಾ ಹೊಸ ಕನ್ನಡಕ ತರ್ತೀನಿ. ಓದೋದು ಇನ್ನೂ ರಾಶಿ ಇದೆ.

ಅಮ್ಮ

ಅಟ್ಟದಲ್ಲಿರೋ ಆ ಹಸಿರು ರೇಡಿಯೊ ಮಾತ್ರ ಬಿಸಾಡಬೇಡ. ನಿನ್ನೆ ಧೂಳು ಒರೆಸಿ ಗುಂಡಿ ತಿರುಗಿಸಿ ನೋಡಿದೆ, ಕೊರ್ರ್ ಅಂತು. ಕೊರ್ರ್ ಅಂತಿರೋವರೆಗೂ ಬಿಡಬಾರದಪ್ಪ.