ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲದ ಚಾಪೆ

ಅಪಿಯಾ, ಮಂಗಳವಾರ

ದೊಡ್ಡಮ್ಮಾ,

ತಲೆ ಕೆಟ್ಟುಹೋಗಿದೆ ನನಗೆ. ಅಜ್ಜಿ ನೇಯ್ದ ಕೆಂಪು ಹಕ್ಕಿಗರಿಯ ಅಂಚಿನ ಚಾಪೆಯನ್ನು ನೀವು ಹೇಳಿದ ಹಾಗೆ ನಿನ್ನೆ ದೇಶದ ಹೊಸ ಮ್ಯೂಸಿಯಂಗೆ ಒಪ್ಪಿಸಿದೆ. ಅಲ್ಲಿಯ ಅಧಿಕಾರಿ ಇಯೊಸುವಾ ಮೈಕ್ ಹಿಡಿದು, "ಮದುವೆಗೆ, ಸಾವಿಗೆ ಅಂತ ಮನೆಯಿಂದ ಮನೆಗೆ ಅಲೆದ ಚಾಪೆ ಇನ್ನು ಎಲ್ಲೂ ಹೋಗಲ್ಲ. ಇದನ್ನ ನೋಡಿ ನಮ್ಮ ಮಕ್ಕಳು ಸಮೋವಾದವರು ಅಂದ್ರೆ ಯಾರು ಅಂತ ಕಲೀತಾರೆ" ಅಂದ. ನಾನು ಅತ್ತೇಬಿಟ್ಟೆ.

ಇವತ್ತು ಇನ್ನೊಮ್ಮೆ ನೋಡೋಣ ಅಂತ ಹೋದರೆ ಗಾಜಿನ ಪೆಟ್ಟಿಗೆ ಖಾಲಿ!

"ಎಲ್ಲಪ್ಪಾ ನಮ್ಮ ಚಾಪೆ?" ಅಂತ ಇಯೊಸುವಾನನ್ನು ಕೇಳಿದೆ.

"ಏನ್ಮಾಡ್ಲಿ ಅಕ್ಕಾ, ಬೆಳಿಗ್ಗೆ ಲೆಫಾಗ ಊರಿನವರು ಅವರ ಚಾಪೆ ತಂದು ಕೊಟ್ರು. ಚಾಪೆ ಕೊಟ್ಟವರಿಗೆ ತಿರುಗಿ ಚಾಪೆ ಕೊಡದೆ ಬರಿಗೈಲಿ ಕಳ್ಸೋಕಾಗುತ್ತಾ? ನಾವೂ ಸಮೋವಾದವರೇ ಅಲ್ವಾ?"

"ಅದಕ್ಕೆ ನಮ್ಮದೇ ಬೇಕಿತ್ತಾ?"

"ಇರೋದ್ರಲ್ಲಿ ಚೆನ್ನಾಗಿರೋದನ್ನೇ ತಾನೇ ಕೊಡ್ಬೇಕು?"

ನೀವು ನಮಗೆ ಹೇಳಿಕೊಟ್ಟದ್ದನ್ನೇ ನನ್ನ ಮುಖಕ್ಕೆ ತಿರುಗಿಸಿ ಹೇಳಿದ.

ನಾನೇ ಬಂದು ಹೇಳೋಣ ಅಂದರೆ ಕಾಲು ಊದಿಕೊಂಡಿದೆ, ಊತ ಇಳಿಯುವವರೆಗೆ ನಿಮ್ಮ ದ್ವೀಪದ ಹಡಗು ಹತ್ತಬೇಡ ಅಂದಿದ್ದಾರೆ ಡಾಕ್ಟರು. ಗಾಬರಿ ಬೇಡ.

ಲೆಫಾಗದವರು ಅಂದರೆ ಬೇರೆ ಯಾರೂ ಅಲ್ಲ, ನಮ್ಮ ಇಯಾಕೊಪೊಗೆ ಹೆಣ್ಣು ಕೊಡುತ್ತಿರುವ ನಿಮ್ಮ ಬೀಗರು. ಮುಂದಿನ ತಿಂಗಳು ಮದುವೆಗೆ ನಮ್ಮ ಅದೇ ಚಾಪೆಯನ್ನು ಉಡುಗೊರೆ ಅಂತ ಹೊತ್ತುಕೊಂಡು ಬರುತ್ತಾರೆ, ನೋಡುತ್ತಿರಿ. ಮುಖ ಗಂಟು ಹಾಕಬೇಡಿ. ಈಗಷ್ಟೇ ಮೊದಲ ಸಲ ನೋಡಿದವರ ಹಾಗೆ ಬಾಯ್ತುಂಬ ಹೊಗಳಿ. ಚಾಪೆಯ ಮೂಲೆಯಲ್ಲಿ ಮ್ಯೂಸಿಯಂನವರು ಅಂಟಿಸಿದ 'ರಾಷ್ಟ್ರದ ಆಸ್ತಿ' ಅನ್ನೋ ಚೀಟಿ ಇನ್ನೂ ಇದ್ದರೆ, ಸದ್ದಿಲ್ಲದೆ ಕಿತ್ತುಬಿಡಿ.

ನಿಮ್ಮ ಲುಪೆ